ನಾಲ್ಕುನೂರ ಹದಿನೇಳರ ಅಕ್ಕ, ನಾಲ್ಕುನೂರ ಹದಿನೆಂಟರ ತಮ್ಮ

ನೆಬ್ರಾಸ್ಕಾ ರಾಜ್ಯದ ಟ್ಯಾಂಬ್ಲಿನ್ ಕೌಂಟಿಯಲ್ಲಿ ಹೆತ್ತವರಿಂದ ದೂರವಾಗಿ ಸಾಕುಮನೆಗೆ ಸೇರಿದ ಯಾವ ಮಗುವೂ ವಕೀಲರಿಲ್ಲದೆ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ. ಇದು ಕೌಂಟಿಯ ಹೆಮ್ಮೆಯ ಸಂಗತಿ. ನ್ಯಾಯಾಲಯದ ಹಜಾರದಲ್ಲಿ ಹಿತ್ತಾಳೆ ಫಲಕದ ಮೇಲೆ ಕೆತ್ತಿಸಿ ಹಾಕಿದ್ದಾರೆ. ಬೇರೆ ಕೌಂಟಿಗಳಲ್ಲಿ ಮಗುವಿಗೆ ಒಬ್ಬರೇ ಒಬ್ಬ ವಕೀಲರು ಸಿಕ್ಕರೂ ದೊಡ್ಡ ಮಾತು. ಇಲ್ಲಿ ಹತ್ತು ವರ್ಷದ ಡೆಲೇನಿ ಪ್ರೂಯಿಟ್‌ಗೆ ಎರಡು ವರ್ಷಗಳಲ್ಲಿ ಆರು ಜನ ಸಿಕ್ಕಿದ್ದರು, ಆರು ಜನವೂ ಉಚಿತ.

ಡೆಲೇನಿಗೆ ಬೇಕಾಗಿದ್ದುದು ಒಂದೇ: ಐದು ವರ್ಷದ ತಮ್ಮ ಓಟಿಸ್ ಇರುವ ಮನೆಯಲ್ಲಿ ತಾನೂ ಇರುವುದು. ಓಟಿಸ್ ಇದ್ದದ್ದು ನಲವತ್ತು ಮೈಲಿ ಆಚೆ, ವರ್ನಾ ಕ್ಲಾಸೆನ್ ಎಂಬಾಕೆಯ ಸಾಕುಮನೆಯಲ್ಲಿ. ವರ್ನಾ ಬಳಿ ಇನ್ನೊಂದು ಹಾಸಿಗೆ ಖಾಲಿ ಇತ್ತು. ತಿಂಗಳಿಗೊಮ್ಮೆ ಕೌಂಟಿ ಕಚೇರಿಗೆ ಫೋನ್ ಮಾಡಿ, ಆ ಹುಡುಗಿಯನ್ನೂ ಇಲ್ಲಿಗೇ ಕಳಿಸಿ ಎಂದು ಗೋಗರೆಯುತ್ತಿದ್ದಳು. ಆಗಸ್ಟ್ ಮೂವತ್ತೊಂದರವರೆಗೆ ಹಾಸಿಗೆಯನ್ನು ಖಾಲಿ ಇಡಬಹುದು, ಆಮೇಲೆ ಸರದಿಯಲ್ಲಿರುವ ಮುಂದಿನ ಮಗುವಿಗೆ ಕೊಡಲಾಗುವುದು ಎಂದು ಕಚೇರಿ ತಿಳಿಸಿತ್ತು.

ಇಬ್ಬರೂ ಬೇರೆ ಬೇರೆಯಾದದ್ದರಲ್ಲಿ ಯಾರ ತಪ್ಪೂ ಇರಲಿಲ್ಲ. ಅವರ ಅಮ್ಮನನ್ನು ಮಾತ್ರೆಗಳ ಚಟ ಬಿಡಿಸುವ ಆಸ್ಪತ್ರೆಗೆ ಸೇರಿಸಿದ ದಿನ ಮಕ್ಕಳನ್ನು ಕರೆದೊಯ್ಯಲು ಇಬ್ಬರು ಅಧಿಕಾರಿಗಳು ಎರಡು ಕಾರುಗಳಲ್ಲಿ ಬಂದರು. ಸಣ್ಣ ಮಕ್ಕಳ ಸೀಟು ಇದ್ದದ್ದು ಒಂದೇ ಕಾರಿನಲ್ಲಿ, ಆ ಕಾರಿನ ಉಳಿದ ಜಾಗದಲ್ಲಿ ಕಚೇರಿಯ ಕ್ರಿಸ್‌ಮಸ್ ಅಲಂಕಾರದ ಸಾಮಾನು ತುಂಬಿತ್ತು. ಹಾಗಾಗಿ ಓಟಿಸ್ ಒಂದು ಕಾರು ಹತ್ತಿದ, ಡೆಲೇನಿ ಇನ್ನೊಂದು. ಅಧಿಕಾರಿಗಳು ತಂತಮ್ಮ ಕಾರಿನಲ್ಲೇ ಕೂತು ಫಾರಂ ತುಂಬಿದರು. ‘ವಾಹನದಲ್ಲಿರುವ ಒಡಹುಟ್ಟಿದವರ ಸಂಖ್ಯೆ’ ಎಂಬಲ್ಲಿ ಇಬ್ಬರೂ ಪ್ರಾಮಾಣಿಕವಾಗಿ ಸೊನ್ನೆ ಬರೆದರು. ಅಪ್ಪಂದಿರು ಬೇರೆಯಾದ್ದರಿಂದ ಅಕ್ಕ ತಮ್ಮಂದಿರ ಮನೆಹೆಸರೂ ಬೇರೆ. ಡೆಲೇನಿ ಕಡತ ಸಂಖ್ಯೆ ನಾಲ್ಕುನೂರ ಹದಿನೇಳು ಆದಳು, ಓಟಿಸ್ ನಾಲ್ಕುನೂರ ಹದಿನೆಂಟು. ಇವರು ಅಕ್ಕ ತಮ್ಮ ಎಂಬುದು ಕೌಂಟಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಡತಕ್ಕೆ ಮಾತ್ರ ಗೊತ್ತಿರಲಿಲ್ಲ.

ಕಡತ ತಿದ್ದುವುದು ಕಷ್ಟವೇನಲ್ಲ. ‘ಈ ಕಡತವನ್ನು ಮೊದಲಿಂದ ಕೊನೆಯವರೆಗೆ ಓದಿದ್ದೇನೆ’ ಎಂದು ಮಗುವಿನ ವಕೀಲರು ಪ್ರಮಾಣ ಮಾಡಿ ಒಂದು ಅರ್ಜಿ ಕೊಟ್ಟರೆ ಸಾಕು. ಇಲ್ಲೊಂದು ಸಣ್ಣ ತೊಡಕಿತ್ತು. ಕೌಂಟಿಯ ದೊಡ್ಡ ವಕೀಲರ ಕಚೇರಿಗಳು ತಮ್ಮ ಕಿರಿಯರಿಗೆ ವರ್ಷಕ್ಕೆ ಐವತ್ತು ಗಂಟೆ ಉಚಿತ ಸೇವೆ ಕಡ್ಡಾಯ ಮಾಡಿವೆ, ಬಡ್ತಿಗೆ ಅದು ಬೇಕು. ಮೊದಲನೆಯ ವಕೀಲೆ ಡೆಲೇನಿಯ ಕಡತವನ್ನು ನಿಧಾನವಾಗಿ, ಶ್ರದ್ಧೆಯಿಂದ ಓದಿ, ಓದಿದ್ದರ ಬಗ್ಗೆ ಮೂವತ್ತು ಪುಟದ ಟಿಪ್ಪಣಿ ಬರೆದು ಕಡತಕ್ಕೆ ಸೇರಿಸುವ ಹೊತ್ತಿಗೆ ಐವತ್ತು ಗಂಟೆ ಮುಗಿದುಹೋಗಿತ್ತು. ಆಕೆ ಉಚಿತ ಸೇವೆಯ ಪ್ರಮಾಣಪತ್ರ ಪಡೆದು ಹೋದಳು. ಎರಡನೆಯವರು ಕಡತವನ್ನೂ ಟಿಪ್ಪಣಿಯನ್ನೂ ಓದಿ, ಟಿಪ್ಪಣಿಯ ಮೇಲೊಂದು ಟಿಪ್ಪಣಿ ಬರೆದರು. ಆರನೆಯವರ ಕಾಲಕ್ಕೆ ಕಡತ ನಾನೂರು ಪುಟ ದಾಟಿತ್ತು, ಐವತ್ತು ಗಂಟೆಯಲ್ಲಿ ಅದರ ಮುಕ್ಕಾಲು ಭಾಗವನ್ನೂ ಮುಟ್ಟಲಾಗುತ್ತಿರಲಿಲ್ಲ. ಆರನೆಯವರು ಹೋಗುವಾಗ ಡೆಲೇನಿಯ ಕೈಕುಲುಕಿ, ಬಹಳ ಕಲಿತೆ ಎಂದರು.

ಏಳನೆಯವರಾಗಿ ಬಂದವರು ಕರ್ಟಿಸ್ ಹೋಲ್ಮ್‌ಗ್ರೆನ್. ಮೂವತ್ತು ವರ್ಷ ಟ್ರ್ಯಾಕ್ಟರ್ ವಿಮೆಯ ಮೊಕದ್ದಮೆ ನಡೆಸಿ ನಿವೃತ್ತರಾದ, ಒಳ್ಳೆಯ ಮನಸ್ಸಿನ ದಪ್ಪ ಮನುಷ್ಯ. ಡೆಲೇನಿಯನ್ನು ಪ್ಯಾನ್‌ಕೇಕ್ ಹೋಟೆಲಿಗೆ ಕರೆದೊಯ್ದು, ಕಡತವನ್ನು ಮೇಜಿನ ಮೇಲಿಟ್ಟು, ಅದನ್ನು ತೆರೆಯಲು ಧೈರ್ಯ ಸಾಲದೆ ಅವಳ ಕಡೆಗೆ ಸರಿಸಿದರು.

“ನೋಡಮ್ಮ, ಟ್ರ್ಯಾಕ್ಟರ್ ಮಗುಚಿ ಬಿದ್ದಿದ್ರೆ ನನಗೆ ನೋಡಿದ ಕೂಡ್ಲೇ ಗೊತ್ತಾಗುತ್ತೆ,” ಎಂದರು. “ಇದು ನನ್ನ ಕೈಲಾಗೋ ಹಾಗೆ ಕಾಣ್ತಿಲ್ಲ. ಏನಾಯ್ತು ಅಂತ ನೀನೇ ಹೇಳ್ಬಿಡು.”

“ಒಂಬತ್ತನೇ ಪುಟ ಒಂದು ನೋಡಿ ಸಾರ್, ಸಾಕು,” ಎಂದಳು ಡೆಲೇನಿ. “ಮಿಕ್ಕಿದ್ದೆಲ್ಲ ವಕೀಲ್ರು ವಕೀಲ್ರಿಗೇ ಬರ್ಕೊಂಡಿರೋದು.”

ಒಂಬತ್ತನೆಯ ಪುಟದಲ್ಲಿ ಆ ಸೊನ್ನೆ ಇತ್ತು. ಎರಡು ವರ್ಷದ ಕಥೆಯನ್ನು ಅವಳು ಹನ್ನೆರಡು ನಿಮಿಷದಲ್ಲಿ ಹೇಳಿ ಮುಗಿಸಿದಳು, ಪ್ಯಾನ್‌ಕೇಕ್ ಇನ್ನೂ ಬಿಸಿಯಾಗಿತ್ತು. ಹೋಲ್ಮ್‌ಗ್ರೆನ್ ಕಣ್ಣು ಒರೆಸಿಕೊಂಡು ಅಂದೇ ಅರ್ಜಿ ಹಾಕಲು ಹೊರಟರು. ಆದರೆ ಅವರು ಕಡತವನ್ನು ಓದಿರಲಿಲ್ಲ, ಕೇಳಿದ್ದರು. ಕೇಳಿದ್ದೇನೆ ಎಂದು ಪ್ರಮಾಣ ಮಾಡಲು ಫಾರಂನಲ್ಲಿ ಅವಕಾಶವಿರಲಿಲ್ಲ.

ಹನ್ನೆರಡು ನಿಮಿಷದ ಸುದ್ದಿ ಮಾತ್ರ ‘ಮಕ್ಕಳ ದನಿ’ ಸಂಘಕ್ಕೆ ತಲುಪಿತು. ಉಚಿತ ವಕೀಲರನ್ನು ಒದಗಿಸುವ ಸಂಘ ಅದು, ಅದರ ನಿರ್ದೇಶಕಿ ಮಿಸೆಸ್ ಗ್ಲೆಂಡಾ ಪ್ರಾಫಿಟ್. ಆಕೆ ಮಕ್ಕಳ ಬಗ್ಗೆ ಮಾತಾಡುವಾಗಲೆಲ್ಲ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು, ಆ ಕೈಯಲ್ಲಿ ಯಾವಾಗಲೂ ಒಂದು ಕಡತ ಇರುತ್ತಿತ್ತು. ಹೊಸ ಸ್ವಯಂಸೇವಕರಿಗೆಲ್ಲ ಈ ಹುಡುಗಿಯಿಂದಲೇ ಪಾಠ ಹೇಳಿಸಬೇಕು ಎಂದು ಅವರಿಗೆ ಹೊಳೆಯಿತು. ಸೂಚನಾ ಫಲಕದಲ್ಲಿ ಹೀಗೊಂದು ಪ್ರಕಟಣೆ ಬಂತು:

‘ಹೊಸ ಸ್ವಯಂಸೇವಕರ ಗಮನಕ್ಕೆ. ಕಡತವನ್ನು ಅರಿಯುವ ಬಗೆ ಕುರಿತು ಶನಿವಾರ ತರಬೇತಿ ಇರುತ್ತದೆ. ತರಬೇತಿಯನ್ನು ಕಡತವೇ ಖುದ್ದಾಗಿ ನಡೆಸಿಕೊಡುವುದು. ಹಾಜರಾದವರಿಗೆ ಸ್ಯಾಂಡ್‌ವಿಚ್ ಉಂಟು. ಕಡತದಲ್ಲಿ ಹೆಸರಿರುವ ಮಕ್ಕಳು ಸ್ಯಾಂಡ್‌ವಿಚ್‌ಗೆ ಅರ್ಹರಲ್ಲ.’

ಡೆಲೇನಿ ಪಾಠ ಮಾಡಿದಳು. ಮೊದಲು ಫಾರಂ ನೋಡಿ, ಆಮೇಲೆ ಮಗುವನ್ನು ಕೇಳಿ, ಟಿಪ್ಪಣಿ ಬರೆಯಬೇಡಿ ಎಂದಳು. ಹದಿನಾಲ್ಕು ಮಂದಿ ವಕೀಲರು ಅದನ್ನು ಟಿಪ್ಪಣಿ ಮಾಡಿಕೊಂಡರು. ಮಧ್ಯಾಹ್ನ ಎಲ್ಲರೂ ಸ್ಯಾಂಡ್‌ವಿಚ್ ತಿನ್ನುತ್ತಿರುವಾಗ ಹುಡುಗಿ ಮಾತ್ರ ಖಾಲಿ ತಟ್ಟೆ ಹಿಡಿದು ಕೂತಿದ್ದನ್ನು ಕಂಡು ಮಿಸೆಸ್ ಪ್ರಾಫಿಟ್ ಅವರಿಗೆ ತಡೆಯಲಾಗಲಿಲ್ಲ. ಅವರು ಕಲ್ಲುಹೃದಯದವರಲ್ಲ. ನಿಯಮ ಮುರಿಯುವಂತಿರಲಿಲ್ಲವಾದ್ದರಿಂದ ಹುಡುಗಿಯನ್ನೇ ಸ್ವಯಂಸೇವಕಿಯಾಗಿ ನೋಂದಾಯಿಸಿದರು. ಅರ್ಜಿಯಲ್ಲಿ ವಯಸ್ಸಿನ ಕಾಲಂ ಆಗಲಿ ವಕೀಲಿ ಸನ್ನದಿನ ಕಾಲಂ ಆಗಲಿ ಇರಲಿಲ್ಲ, ಏಕೆಂದರೆ ಮಕ್ಕಳು ಅರ್ಜಿ ಹಾಕಿಯಾರು ಎಂದು ಯಾರೂ ಎಣಿಸಿರಲಿಲ್ಲ. ಡೆಲೇನಿಯ ಬೆರಳಚ್ಚು ತೆಗೆದು, ಅವಳ ಕೊರಳಿಗೆ ಬ್ಯಾಡ್ಜ್ ಹಾಕಿ, ಟರ್ಕಿ ಮಾಂಸದ ಸ್ಯಾಂಡ್‌ವಿಚ್ ಕೊಟ್ಟರು.

ಬ್ಯಾಡ್ಜ್ ಜೊತೆ ನಿಯಮಗಳೂ ಬಂದವು. ಸಂಘದ ಸ್ವಯಂಸೇವಕರ ಸ್ವಂತ ವ್ಯಾಜ್ಯವನ್ನು ಸಂಘ ನಡೆಸುವಂತಿಲ್ಲ, ಸ್ವಹಿತಾಸಕ್ತಿ ಆಗುತ್ತದೆ. ಹಾಗಾಗಿ ನಾಲ್ಕುನೂರ ಹದಿನೇಳನ್ನು ಹೋಲ್ಮ್‌ಗ್ರೆನ್ ಅವರಿಂದ ವಾಪಸು ಪಡೆದು ಕಪಾಟಿನಲ್ಲಿ ಇಡಲಾಯಿತು. ಡೆಲೇನಿಗೆ ಅಳು ಬಂತು. ಬ್ಯಾಡ್ಜ್ ಕಿತ್ತು ಮೇಜಿನ ಮೇಲೆ ಎಸೆಯಬೇಕು ಎಂದುಕೊಂಡಳು. ಅಷ್ಟರಲ್ಲಿ ಮಿಸೆಸ್ ಪ್ರಾಫಿಟ್ ಸಲಾಡ್ ಕಲೆಸುವ ಗಾಜಿನ ಬೋಗುಣಿಯಲ್ಲಿ ಚೀಟಿ ತಂದು ಅವಳ ಮುಂದೆ ಹಿಡಿದರು, ಹೊಸ ಸ್ವಯಂಸೇವಕರಿಗೆ ಕಡತ ಹಂಚುವುದು ಹೀಗೆಯೇ. ಡೆಲೇನಿ ಎತ್ತಿದ ಚೀಟಿಯಲ್ಲಿ ನಾಲ್ಕುನೂರ ಹದಿನೆಂಟು ಎಂದಿತ್ತು.

ಮಿಸೆಸ್ ಪ್ರಾಫಿಟ್ ಚೀಟಿ ನೋಡಿದರು, ಹುಡುಗಿಯನ್ನೂ ನೋಡಿದರು. ಆಮೇಲೆ ಕರ್ತವ್ಯಪ್ರಜ್ಞೆಯಿಂದ ಕಡತ ತೆರೆದು ನೋಡಿದರು.

“ಇವನಿಗೆ ಒಡಹುಟ್ಟಿದವರು ಯಾರೂ ಇಲ್ಲ ಅಂತಿದೆ,” ಎಂದರು. “ಸದ್ಯ, ನಿನಗೇನೂ ತೊಂದ್ರೆ ಇಲ್ಲ ಮರಿ.”

ಡೆಲೇನಿ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡಳು. ಬ್ಯಾಡ್ಜನ್ನು ಒಮ್ಮೆ ಸರಿಮಾಡಿಕೊಂಡಳು.

ಅಕ್ಕನಾಗಿ ಅವಳು ತಮ್ಮನನ್ನು ಎರಡು ವರ್ಷದಲ್ಲಿ ನೋಡಿದ್ದು ಎರಡು ಸಲ, ಅದೂ ಕಡತಕ್ಕೆ ಗೊತ್ತಾಗದ ಹಾಗೆ, ಕೌಂಟಿ ಕಚೇರಿಯ ಜೆರಾಕ್ಸ್ ಯಂತ್ರದ ಪಕ್ಕದ ಕೋಣೆಯಲ್ಲಿ. ಸ್ವಯಂಸೇವಕಿಯಾದರೆ ತಿಂಗಳ ಮೊದಲ ಶನಿವಾರ ಒಂದು ಗಂಟೆ ಮಗುವನ್ನು ಅದರ ಮನೆಯಲ್ಲೇ ಭೇಟಿಯಾಗುವುದು ಹಕ್ಕಷ್ಟೇ ಅಲ್ಲ, ಕಡ್ಡಾಯ. ತಪ್ಪಿಸಿದರೆ ನೋಟೀಸು ಬರುತ್ತದೆ. ಹೋಲ್ಮ್‌ಗ್ರೆನ್ ತಮ್ಮ ಹಳೆಯ ಟ್ರಕ್ಕಿನಲ್ಲಿ ಅವಳನ್ನು ಕರೆದೊಯ್ದರು, ಅವರ ಉಚಿತ ಸೇವೆಯ ಪುಸ್ತಕದಲ್ಲಿ ಇನ್ನೂ ನಲವತ್ತೊಂಬತ್ತು ಚಿಲ್ಲರೆ ಗಂಟೆ ಉಳಿದಿತ್ತು. ಓಟಿಸ್ ಬಾಗಿಲಿಂದಲೇ ಓಡಿಬಂದು ಅವಳ ಕಾಲು ತಬ್ಬಿಕೊಂಡ, ಇಡೀ ಒಂದು ಗಂಟೆ ಬಿಡಲೇ ಇಲ್ಲ. ವರ್ನಾ ಇಬ್ಬರಿಗೂ ಆಲೂಗಡ್ಡೆ ಕ್ಯಾಸರೋಲ್ ಬಡಿಸಿ, ಖಾಲಿ ಹಾಸಿಗೆ ತೋರಿಸಿದಳು. ಹೊಸ ಹೊದಿಕೆ ಹಾಕಿದ್ದಳು. ಡೆಲೇನಿ ಅದರ ಮೇಲೆ ಕೂತು ನೋಡಿದಳು. ಅವಳ ಎರಡು ವರ್ಷದಲ್ಲಿ ಅಷ್ಟು ಸುಖದ ಗಂಟೆ ಇನ್ನೊಂದಿರಲಿಲ್ಲ.

ಓಟಿಸ್‌ನ ಕಡತ ಬರೀ ಅರವತ್ತು ಪುಟ. ಅವನ ವಕೀಲರುಗಳು ಸೋಮಾರಿಗಳಾಗಿದ್ದದ್ದು ಅವನ ಅದೃಷ್ಟ. ಡೆಲೇನಿ ಅದನ್ನು ಒಂದೇ ದಿನ ಕೂತು ಮೊದಲಿಂದ ಕೊನೆಯವರೆಗೆ ಓದಿ, ಹಾಗೆಂದು ಪ್ರಮಾಣ ಮಾಡಿ, ಅರ್ಜಿ ಹಾಕಿದಳು. ಟ್ಯಾಂಬ್ಲಿನ್ ಕೌಂಟಿಯ ಇತಿಹಾಸದಲ್ಲಿ ಅಂಥ ಅರ್ಜಿ ಅದೇ ಮೊದಲು. ಗುಮಾಸ್ತರಿಗೆ ಅದಕ್ಕೆ ಹೊಡೆಯಬೇಕಾದ ಮೊಹರು ಹುಡುಕಲು ಎರಡು ವಾರ ಹಿಡಿಯಿತು. ವಿಚಾರಣೆ ಆಗಸ್ಟ್ ಇಪ್ಪತ್ತೊಂಬತ್ತಕ್ಕೆ ಬಂತು.

ನ್ಯಾಯಾಧೀಶ ಲೆಲ್ಯಾಂಡ್ ಸ್ಟ್ರಾಸರ್ ಅರ್ಜಿಯನ್ನು ಎರಡು ಸಲ ಓದಿದರು. ಒಂದೂವರೆ ಪುಟ ಇತ್ತು.

“ಇಷ್ಟು ಚೊಕ್ಕದಾದ ಅರ್ಜಿ ನಾನು ನೋಡಿಲ್ಲ,” ಎಂದರು. “ಬಾಲಕನ ಅಕ್ಕನನ್ನೂ ಅದೇ ಮನೇಲಿ ಇಡಬೇಕು ಅಂತ ಕೇಳಿದೀರಿ. ಕಡತದ ಪ್ರಕಾರ ಇವನಿಗೆ ಅಕ್ಕ ಇಲ್ಲವಲ್ಲ?”

“ಇದಾಳೆ ಮಹಾಸ್ವಾಮಿ,” ಎಂದಳು ಡೆಲೇನಿ. “ನಾನೇ.”

ಕೌಂಟಿಯ ವಕೀಲರು ಎದ್ದು ನಿಂತು, ತಮ್ಮದೇನೂ ಆಕ್ಷೇಪಣೆ ಇಲ್ಲ ಎಂದು ಹೇಳಿ ಕೂತರು. ನ್ಯಾಯಾಧೀಶರು ಅಲ್ಲೇ ಪೆನ್ನು ತೆಗೆದು ಸೊನ್ನೆಯನ್ನು ಹೊಡೆದುಹಾಕಿ ಒಂದು ಎಂದು ಬರೆದರು. ಹಿಂದಿನ ಬೆಂಚಿನಲ್ಲಿ ವರ್ನಾ ಹೋಲ್ಮ್‌ಗ್ರೆನ್ ಅವರ ಕೈ ಹಿಡಿದುಕೊಂಡಳು. ಆಮೇಲೆ ನ್ಯಾಯಾಧೀಶರು ನಿಯಮಾವಳಿಯ ಪುಸ್ತಕದ ಹಾಳೆ ತಿರುವಿದರು. ಅವರ ಮುಖ ನಿಜವಾಗಿಯೂ ಸಪ್ಪಗಾಯಿತು.

“ನಿಯಮ ಇಪ್ಪತ್ತೆರಡು ಅಡ್ಡ ಬರ್ತಿದೆ,” ಎಂದರು. “ಮಗುವಿನ ಪರ ವಹಿಸಿದವರು ಮಗು ಇರೋ ಮನೇಲಿ ವಾಸ ಮಾಡೋ ಹಾಗಿಲ್ಲ.”

“ಹಾಗಾದ್ರೆ ನಾನು ಕೆಲಸ ಬಿಟ್ಬಿಡ್ತೀನಿ.”

“ಬಿಡಬಹುದು. ಆಗ ನಿಮ್ಮ ಅರ್ಜಿ ಬಿದ್ದುಹೋಗುತ್ತೆ. ಸೊನ್ನೆ ಮತ್ತೆ ಸೊನ್ನೆ ಆಗುತ್ತೆ. ಬೇರೆ ಸ್ವಯಂಸೇವಕರು ಬಂದು, ಕಡತ ಓದಿ, ಹೊಸದಾಗಿ ಅರ್ಜಿ ಹಾಕಬೇಕು.”

“ಅಲ್ಲೀವರೆಗೆ ಅವನನ್ನ ನೋಡೋಕೆ ಬಿಡ್ತೀರಾ?”

“ಯಾವ ಸಂಬಂಧದ ಮೇಲೆ?” ಎಂದು ಕೇಳಿದರು ನ್ಯಾಯಾಧೀಶರು. ಅದರಲ್ಲಿ ಕುಹಕವಿರಲಿಲ್ಲ, ಅವರಿಗೆ ತಿಳಿಯಬೇಕಿತ್ತು.

ಡೆಲೇನಿ ಯೋಚಿಸಿದಳು. ಅಕ್ಕನಾದರೆ ವರ್ಷಕ್ಕೊಂದು ಸಲ ಜೆರಾಕ್ಸ್ ಯಂತ್ರದ ಪಕ್ಕ, ವಕೀಲೆಯಾದರೆ ತಿಂಗಳಿಗೊಂದು ಗಂಟೆ. ಹತ್ತು ವರ್ಷದ ಹುಡುಗಿಗೂ ತಿಳಿಯುವ ಲೆಕ್ಕ ಅದು. ಅವಳು ಹಾಸಿಗೆಯ ಹೊಸ ಹೊದಿಕೆಯನ್ನು ನೆನೆದುಕೊಂಡಳು, ಮೂಗು ಒರೆಸಿಕೊಂಡಳು, ಹುದ್ದೆಯಲ್ಲಿ ಮುಂದುವರಿಯುವುದಾಗಿ ಹೇಳಿದಳು. ನ್ಯಾಯಾಲಯ ಅವಳ ನಿಷ್ಠೆಯನ್ನು ದಾಖಲೆಯಲ್ಲಿ ಶ್ಲಾಘಿಸಿತು.

ಸೆಪ್ಟೆಂಬರ್ ಒಂದರಂದು ವರ್ನಾಳ ಖಾಲಿ ಹಾಸಿಗೆಗೆ ಏಳು ವರ್ಷದ ಒಂದು ಹೆಣ್ಣುಮಗು ಬಂತು. ಆ ಮಗುವಿಗೂ ಎಲ್ಲೋ ಒಬ್ಬ ಅಣ್ಣ ಇದ್ದಾನೆ, ಬೇರೆ ಕಾರಿನಲ್ಲಿ ಹೋದವನು. ಆ ತಿಂಗಳು ‘ಮಕ್ಕಳ ದನಿ’ ಸಂಘದ ವಾರ್ಷಿಕ ಔತಣದಲ್ಲಿ ಡೆಲೇನಿಗೆ ವರ್ಷದ ಸ್ವಯಂಸೇವಕಿ ಪ್ರಶಸ್ತಿ ಕೊಟ್ಟರು. ಮಿಸೆಸ್ ಪ್ರಾಫಿಟ್ ಎದೆಯ ಮೇಲೆ ಕೈ ಇಟ್ಟುಕೊಂಡು, ಇಂಥ ಇನ್ನೂ ಹತ್ತು ಮಕ್ಕಳು ನಮ್ಮ ಸಂಘಕ್ಕೆ ಬೇಕು ಎಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೋಂದಣಿ ಅರ್ಜಿಗಳು ಸಾಕುಮನೆಗಳಿಗೆಲ್ಲ ಅಂಚೆಯಲ್ಲಿ ಹೋದವು.

ಡೆಲೇನಿ ಈಗಲೂ ಮೊದಲ ಶನಿವಾರ ತಪ್ಪದೆ ಬ್ಯಾಡ್ಜ್ ಹಾಕಿಕೊಂಡು ಹೋಗುತ್ತಾಳೆ. ಒಂದು ಗಂಟೆ ಮುಗಿದ ಮೇಲೆ ಟ್ರಕ್ಕಿನಲ್ಲಿ ಕೂತು ವರದಿ ತುಂಬುತ್ತಾಳೆ, ಹೋಲ್ಮ್‌ಗ್ರೆನ್ ಆ ಹೊತ್ತು ಕಿಟಕಿಯಾಚೆ ನೋಡುತ್ತಿರುತ್ತಾರೆ. ಆರೋಗ್ಯ: ಚೆನ್ನಾಗಿದೆ. ಹಲ್ಲು: ಒಂದು ಬಿದ್ದಿದೆ. ‘ಮಗು ಏನಾದರೂ ಬೇಕೆಂದು ಕೇಳಿತೇ’ ಎಂಬ ಪ್ರಶ್ನೆಗೆ ಅಕ್ಟೋಬರ್ ತಿಂಗಳಲ್ಲಿ ಅವಳು ಬರೆದ ಉತ್ತರ ಹೀಗಿದೆ: ‘ಅಕ್ಕ ಯಾವಾಗ ಬಂದು ಇಲ್ಲೇ ಇರುತ್ತಾಳೆ ಎಂದು ಕೇಳಿದ. ಅದು ನನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಮಗುವಿಗೆ ತಿಳಿಸಲಾಯಿತು.’

ವಾಕ್ಯ ಅಚ್ಚುಕಟ್ಟಾಗಿದೆ ಎಂದು ಎಲ್ಲರಿಗೂ ಅನ್ನಿಸಿತು. ಪ್ರತಿ ತಿಂಗಳೂ ಕೈಯಲ್ಲಿ ಬರೆಯುವ ಶ್ರಮ ತಪ್ಪಲಿ ಎಂದು ಮಿಸೆಸ್ ಪ್ರಾಫಿಟ್ ಅದನ್ನು ಫಾರಂನಲ್ಲೇ ಅಚ್ಚು ಹಾಕಿಸಿದ್ದಾರೆ. ಸ್ವಯಂಸೇವಕರು ಈಗ ಅದರ ಪಕ್ಕದ ಚೌಕದಲ್ಲಿ ಒಂದು ಗುರುತು ಹಾಕಿದರೆ ಸಾಕು.