ಮೋಟಾರಿಗಿಟ್ಟ ಕುಂಕುಮ

"ಪೆಟ್ರೋಲ್ ಕುಡಿಯೋದಾಗ್ಲಿ, ಡೀಸೆಲ್ ಕುಡಿಯೋದಾಗ್ಲಿ, ಈ ಈರಭದ್ರಪ್ಪನ ಕೈ ತಾಗಿದ ಮೇಲೆ ಹೇಳಿದ ಮಾತು ಕೇಳ್ಲೇಬೇಕು!"

ಬೀರೂರಿನ ನನ್ನ ಪಂಪ್‌ಸೆಟ್ ಅಂಗಡಿಯ ಗದ್ದುಗೆಯ ಮೇಲೆ ಕುಳಿತು ನಾನು ಈ ಘೋಷಣೆ ಹೊರಡಿಸಿದಾಗ ನನ್ನ ನಾಲಿಗೆಗೊಂದು ಬ್ರೇಕ್ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಇವತ್ತಿಗೂ ಲಕ್ಕವಳ್ಳಿ ಎಂದು ಬೋರ್ಡು ಹಾಕಿದ ಬಸ್ಸು ಎದುರಾದರೆ ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತೇನೆ. ಕೈಯಲ್ಲಿ ಪೇಪರಿಲ್ಲದಿದ್ದರೆ ಕೆಮ್ಮು ಬಂದವನ ಹಾಗೆ ಟವೆಲ್ ಹಿಡಿಯುತ್ತೇನೆ.

ನನ್ನ ಹೆಂಡತಿ ಪಂಕಜಾಕ್ಷಿಗೆ ವಿಮಲ ಎಂಬ ತಂಗಿ. ತಂದೆತಾಯಿ ಇಲ್ಲದ ಹುಡುಗಿ, ನಮ್ಮ ಮನೆಯಲ್ಲೇ ಬೆಳೆದವಳು. ಅವಳಿಗೆ ಅಜ್ಜಂಪುರದಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದ ಕಲ್ಲೇಶಪ್ಪನವರ ಮಗ ರುದ್ರೇಶನ ಸಂಬಂಧ ಬಂದಿತ್ತು. ಹುಡುಗ ಹುಡುಗಿಯನ್ನು ಒಪ್ಪಿದ್ದ. ಹುಡುಗಿ ಒಪ್ಪಿದ್ದಳು ಎನ್ನುವುದಕ್ಕೆ ಅವಳು ಆವತ್ತಿನಿಂದ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದುದೇ ಸಾಕ್ಷಿ. ಆದರೆ ಕಲ್ಲೇಶಪ್ಪನವರ ತಾಯಿ ಕಾಮಾಕ್ಷಮ್ಮ ಮಾತ್ರ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಆ ಮನೆಯಲ್ಲಿ ಅಜ್ಜಿ ತಲೆಯಾಡಿಸದೆ ಈರುಳ್ಳಿ ಮೂಟೆಯೂ ಕದಲುವುದಿಲ್ಲವಂತೆ. "ಹುಡ್ಗಿ ಚೆನ್ನಾಗವ್ಳೆ. ಮನೆತನ ಇನ್ನೊಂಚೂರು ನೋಡ್ಬೇಕು" ಎಂದು ಹೋಗಿದ್ದರು.

ಅಜ್ಜಿಗೆ ಡ್ಯಾಮು ನೋಡುವ ಆಸೆ ಎಂಬ ಸುದ್ದಿ ಬಂದದ್ದೇ ತಡ, ನನ್ನ ತಲೆಯಲ್ಲಿ ಬಲ್ಬು ಹೊತ್ತಿತು. ಡ್ಯಾಮಿನ ಊರಾದ ಲಕ್ಕವಳ್ಳಿಯಲ್ಲಿ ನನ್ನ ಗೆಳೆಯ ಸೋಮಶೇಖರಪ್ಪ ಕಂಟ್ರಾಕ್ಟರು. ಹಿನ್ನೀರಿನ ಆಚೆ ದಡಕ್ಕೆ ಸಾಮಾನು ಸಾಗಿಸಲು ಒಂದು ಮೋಟಾರು ದೋಣಿ ಇಟ್ಟಿದ್ದ. ಅಜ್ಜಿಯನ್ನು ಅದರಲ್ಲಿ ಕೂರಿಸಿ, ನಾನೇ ಓಡಿಸಿ, ಮನೆತನ ಎಂದರೆ ಏನೆಂದು ತೋರಿಸಿಬಿಡುವುದು!

"ರೀ, ದೋಣಿ ಮೋಟಾರು ನೀವ್ಯಾವತ್ತು ಓಡ್ಸಿದ್ರಿ?" ಎಂದಳು ಪಂಕಜಾಕ್ಷಿ.

"ಲೇ, ಪಂಪ್‌ಸೆಟ್ಟು ನಿಂತ ಜಾಗದಲ್ಲೇ ನಿಂತು ನೀರನ್ನ ತಳ್ಳುತ್ತೆ. ದೋಣಿ ಮೋಟಾರು ನೀರನ್ನ ತಳ್ಳಿ ತಾನು ಮುಂದಕ್ಕೋಗುತ್ತೆ. ಅಷ್ಟೇ ಕಣೇ ವ್ಯತ್ಯಾಸ!"

"ಪಂಪ್‌ಸೆಟ್ಟು ಕೆಟ್ರೆ ಗದ್ದೆ ಒಣಗುತ್ತೆ, ದೋಣಿ ಕೆಟ್ರೆ ನಾವು ನೆನೀತೀವಿ. ಆ ವ್ಯತ್ಯಾಸಾನೂ ನೆನಪಿರ್ಲಿ. ಇದು ವಿಮಲನ ಬಾಳಿನ ಪ್ರಶ್ನೆ ಕಣ್ರೀ."

ಭಾನುವಾರ ಬಾಡಿಗೆ ವ್ಯಾನಿನಲ್ಲಿ ನಾವು ಮೂವರು ಹೊರಟೆವು. ಅಜ್ಜಂಪುರದ ಅಜ್ಜಿ, ಮಗ, ಮೊಮ್ಮಗ ತರೀಕೆರೆಯಲ್ಲಿ ಹತ್ತಿಕೊಂಡರು. ಲಕ್ಕವಳ್ಳಿ ತಲುಪಿದರೆ ಸೋಮಶೇಖರಪ್ಪ ಎಲ್ಲಿಗೋ ಹೊರಟು ಸ್ಕೂಟರಿನ ಮೇಲೆ ಕುಳಿತಿದ್ದಾನೆ!

"ಲೇ ಈರಾ, ಅರ್ಜೆಂಟ್ ಕೆಲ್ಸ ಬಂದ್ಬಿಡ್ತು. ನಾನು ಬರೋಗಂಟ ಊಟ ಮಾಡ್ಕೊಂಡಿರ್ರಿ, ಆಮೇಲೆ ನಾನೇ ಓಡಿಸ್ತೀನಿ."

"ಹೋಗೋ ಮಾರಾಯ! ನಂಗೆ ಬರಲ್ವಾ?"

ಅವನು ತಲೆ ಕೆರೆದುಕೊಂಡ. "ಹಂಗಾದ್ರೆ ಸರಿಯಾಗಿ ಕೇಳಿಸ್ಕೋ. ಟ್ಯಾಂಕಿನ ಮುಚ್ಚಳದ್ ಮೇಲೆ ಗಾಳಿ ತಿರುಪೈತೆ, ಅದನ್ನ ಸಡಿಲ ಮಾಡು. ಗೇರು ನ್ಯೂಟ್ರಲ್‌ನಾಗಿರ್ಲಿ. ಚೋಕ್ ಎಳ್ದು, ಹಿಡಿ ಹಿಡ್ಕೊಂಡು ದಾರ ಜಗ್ಗು. ಕೂತ್ಕೊಂಡೇ ಜಗ್ಗು ಕಣೋ, ನಿಂತ್ಕೋಬ್ಯಾಡ. ನಿಲ್ಸೋಕೆ ಮುಂದ್ಗಡೆ ಒಂದು ಕೆಂಪು ಗುಂಡಿ ಐತೆ. ಅದನ್ನ ಒತ್ತಿ ಹಿಡ್ಕೊಂಡ್ರೆ ನಿಂತೋಗುತ್ತೆ. ಮೊದ್ಲು ಆ ಗುಂಡಿ ಎಲ್ಲೈತೆ ನೋಡ್ಕೋ, ಆಮೇಲೆ..."

"ಬೀರೂರಿನ ಈರಭದ್ರಪ್ಪನಿಗೆ ಮೋಟಾರು ಪಾಠ ಹೇಳ್ತೀಯಾ? ನಡಿ ನಡಿ!" ಎಂದು ಅವನ ಸ್ಕೂಟರಿಗೆ ನಾನೇ ಒದ್ದು ಸ್ಟಾರ್ಟ್ ಮಾಡಿಕೊಟ್ಟೆ.

ದೋಣಿ ಒಂದು ಬಂಡೆಯ ಪಕ್ಕ ನಿಂತಿತ್ತು. ನೀರೊಳಗೆ ಸ್ವಲ್ಪ ದೂರದಲ್ಲಿ ಮುಳುಗಡೆಯಾದ ಹಳೆಯ ಮರದ ಬೊಡ್ಡೆಯೊಂದು ತಲೆಯೆತ್ತಿತ್ತು. ಆ ಬೊಡ್ಡೆಯಿಂದ ದೋಣಿಯ ಮೂತಿಯ ಕಬ್ಬಿಣದ ಬಳೆಗೆ ಉದ್ದನೆಯ ಹಗ್ಗ ಬಿಗಿದಿದ್ದರು. ದೋಣಿಯ ಹಿಂಭಾಗಕ್ಕೆ ತಿರುಪು ಬಿಗಿದು ಕೂರಿಸಿದ್ದ ಬಿಳಿ ಮೋಟಾರು ಅಲ್ಲಲ್ಲಿ ಬಣ್ಣ ಹಾರಿಸಿಕೊಂಡಿತ್ತು.

"ಪೂಜೆ ಮಾಡ್ದೆ ಗಾಡಿ ಹತ್ತೋದುಂಟಾ?" ಎಂದರು ಅಜ್ಜಿ.

ನಾನು ಕಾಯುತ್ತಿದ್ದುದೇ ಇಂಥ ಮಾತಿಗೆ! "ನಮ್ಮನೇಲಿ ಪೂಜೆ ಇಲ್ದೆ ಸೈಕಲ್ಲೂ ತುಳಿಯಲ್ಲ ಅಜ್ಜಿ" ಎಂದು ಪಂಕಜಾಕ್ಷಿಗೆ ಕಣ್ಸನ್ನೆ ಮಾಡಿದೆ. ಪೂಜಾ ಸಾಮಾನು ಮನೆಯಿಂದಲೇ ತಂದಿದ್ದೆವು. ಗೇರಿನ ಹಿಡಿಯ ಹತ್ತಿರ ಅಗಲವಾಗಿ ಸಪಾಟಾಗಿ ಒಳ್ಳೆಯ ಜಾಗ ಕಂಡಿತು. ಅಲ್ಲಿ ಮೂರು ಬೆರಳಿನಿಂದ ಮೂರು ಪಟ್ಟೆ ವಿಭೂತಿ ಎಳೆದೆ. ಹಿಂದೆ ಯಾವುದು, ಮುಂದೆ ಯಾವುದು, ನ್ಯೂಟ್ರಲ್ ಯಾವುದು ಎಂದು ಅಲ್ಲೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿತ್ತಂತೆ! ಪಂಕಜಾಕ್ಷಿ ಕುಂಕುಮ ನೀರಿನಲ್ಲಿ ಕಲಸಿ, ಅಜ್ಜಿ ನೋಡುತ್ತಿದ್ದಾರೆಂಬ ಉತ್ಸಾಹದಲ್ಲಿ ಮೋಟಾರಿನ ಮೈತುಂಬಾ ಬೊಟ್ಟಿಟ್ಟಳು. ತಿರುಪಿಗೊಂದು, ಮುಚ್ಚಳಕ್ಕೊಂದು, ಎದೆಗೆ ಒಂದು ಸಾಲು. ದೋಣಿ ತಿರುಗಿಸುವ ಉದ್ದನೆಯ ಹಿಡಿಗೆ ಚೆಂಡುಹೂವಿನ ಹಾರ ಸುತ್ತಿದೆವು.

ನಿಂಬೆಹಣ್ಣಿನದೊಂದು ಸಮಸ್ಯೆಯಾಯಿತು. ಲಾರಿಗಾದರೆ ಚಕ್ರದಡಿ ಇಡಬಹುದು. ದೋಣಿಗೆ ಚಕ್ರವೆಲ್ಲಿ? ತಿರುಗುವ ರೆಕ್ಕೆಗೇ ಸಿಗಲಿ ಎಂದು ನೀರಿಗೆ ಬಿಟ್ಟೆ. ಅದು ಒಮ್ಮೆ ಮುಳುಗಿ, ಎದ್ದು, ತೇಲುತ್ತಾ ದೂರ ಹೋಯಿತು.

"ನಿಂಬೆಹಣ್ಣೇ ಒಲ್ಲೆ ಅಂತ ಹೊಂಟೋಯ್ತಲ್ಲಪ್ಪಾ!" ಎಂದರು ಅಜ್ಜಿ.

ಅಜ್ಜಿ, ಕಲ್ಲೇಶಪ್ಪನವರು, ಪಂಕಜಾಕ್ಷಿ ದೋಣಿಯಲ್ಲಿ ಕುಳಿತರು. ಹುಡುಗ ಹುಡುಗಿ ಬಂಡೆಯ ಮೇಲೆ ಬುತ್ತಿ ಕಾಯಲು ಉಳಿದರು. ಇಬ್ಬರ ನಡುವೆ ಮರ್ಯಾದೆಗೆ ಪುಳಿಯೋಗರೆಯ ದೊಡ್ಡ ಟಿಫನ್ ಕ್ಯಾರಿಯರ್ ಇತ್ತು. ನಾನು ಮೂತಿಯ ಬಳೆಯಿಂದ ಹಗ್ಗ ಬಿಚ್ಚಿ ಎಸೆದು, ಹಿಂದೆ ಹೋಗಿ, ಎಲ್ಲರಿಗೂ ಕಾಣಲೆಂದು ನಿಂತುಕೊಂಡೆ. ಹೌದು, ನಿಂತುಕೊಂಡೇ! ಕೂತು ದಾರ ಜಗ್ಗಿದರೆ ಗಾಂಭೀರ್ಯವೆಲ್ಲಿ?

ಮೊದಲ ಎಳೆತಕ್ಕೆ ಕೆಮ್ಮಿತು. ಎರಡನೆಯದಕ್ಕೆ ಸೀನಿತು. ಮೂರನೆಯದಕ್ಕೆ ಭೋರ್ ಎಂದು ಹತ್ತಿಕೊಂಡದ್ದೇ, ಗೇರಿನಲ್ಲೇ ಇದ್ದ ದೋಣಿ ಬಾಣದ ಹಾಗೆ ಹಾರಿತು! ನಾನು ಹಾರಲಿಲ್ಲ. ದೋಣಿ ಮುಂದೆ ಹೋದಾಗ ನಾನು ನಿಂತಲ್ಲೇ ಉಳಿಯಲು ನೋಡಿ, ಮೋಟಾರಿನ ಹಿಡಿಗೆ ಜೋತುಬಿದ್ದು, ತಿರುಗಿ ಬಂದು ನೇರವಾಗಿ ಅಜ್ಜಿಯ ಪಾದದ ಮೇಲೆ ಬಿದ್ದೆ.

"ಒಳ್ಳೇದಾಗ್ಲಪ್ಪ. ನಮಸ್ಕಾರ ದಡದಾಗೇ ಮಾಡ್ಬೋದಿತ್ತು" ಎಂದರು ಅಜ್ಜಿ.

ಅಷ್ಟರಲ್ಲಿ ಏನೋ ಜಗ್ಗಿದಂತಾಗಿ ದೋಣಿ ಬಲಕ್ಕೆ ತಿರುಗಿತು. ನೋಡುತ್ತೇನೆ, ಹಗ್ಗ ಬಿಗಿಯಾಗಿ ನಿಂತಿದೆ! ಬಿಚ್ಚಿದ್ದ ಹಗ್ಗ ಮತ್ತೆ ಮೂತಿಗೆ ಕಟ್ಟಿಕೊಂಡು ಕೂತಿದೆ! ನಾನು ಬಿಚ್ಚಿದ್ದು ಕನಸೋ ನನಸೋ ಎಂದು ಯೋಚಿಸಲು ಪುರುಸೊತ್ತಿರಲಿಲ್ಲ. ದೋಣಿ ಬೊಡ್ಡೆಯ ಸುತ್ತ ರೌಂಡು ಹೊಡೆಯತೊಡಗಿತ್ತು. ಗೂಟಕ್ಕೆ ಕಟ್ಟಿದ ಕರು ಸುತ್ತಿ ಸುತ್ತಿ ಹಗ್ಗ ಗಿಡ್ಡ ಮಾಡಿಕೊಳ್ಳುತ್ತದಲ್ಲ, ಹಾಗೆ ಒಂದೊಂದು ಸುತ್ತಿಗೂ ನಾವು ಬೊಡ್ಡೆಗೆ ಹತ್ತಿರವಾಗುತ್ತಿದ್ದೆವು.

"ಈರಭದ್ರಪ್ಪಾರೇ, ಡ್ಯಾಮು ಆ ಕಡೆ ಐತಲ್ವ್ರಾ?" ಎಂದರು ಕಲ್ಲೇಶಪ್ಪನವರು, ದೋಣಿಯ ಅಂಚು ಬಿಗಿಯಾಗಿ ಹಿಡಿದು.

"ಎಲ್ಲಾ ದಿಕ್ಕಿಂದ್ಲೂ ತೋರಿಸ್ತಿದೀನಿ ಸ್ವಾಮಿ!"

ವೇಗ ತಗ್ಗಿಸೋಣವೆಂದು ಹಿಡಿ ತಿರುಚಿದೆ. ಸ್ಕೂಟರಿನ ಅಭ್ಯಾಸದಲ್ಲಿ ತಿರುಚಿದ್ದು ಉಲ್ಟಾ ಆಗಿ ಮೋಟಾರು ಇನ್ನೂ ಅಬ್ಬರಿಸಿತು. ಹಿಂದಕ್ಕೆ ತಿರುಚಲು ನೋಡಿದರೆ ಚೆಂಡುಹೂವಿನ ಹಾರ ಹಿಡಿಯ ಸಂದಿನಲ್ಲಿ ಸಿಕ್ಕಿಕೊಂಡು ಕದಲಲೊಲ್ಲದು. ಗೇರಿನ ಕಡೆ ನೋಡಿದರೆ ವಿಭೂತಿ! ಆಗ ನೆನಪಾಯಿತು, ಕೆಂಪು ಗುಂಡಿ!

ಮೋಟಾರಿನ ಕಡೆ ತಿರುಗಿದೆ. ಮೈಯೆಲ್ಲಾ ಕೆಂಪು. ಎಲ್ಲವೂ ದುಂಡಗೆ, ಎಲ್ಲವೂ ಒಂದೇ ಅಳತೆ.

"ಪಂಕಜಾ! ಕೆಂಪು ಗುಂಡಿ ಯಾವ್ದೇ?"

"ಗುಂಡೀನಾ? ನಾನು ಇಟ್ಟಿದ್ದೆಲ್ಲಾ ಬೊಟ್ಟು ಕಣ್ರೀ!"

ಒತ್ತಿ ಹಿಡಿಯಬೇಕೆಂಬುದನ್ನು ಮರೆತು ಕಂಡ ಕಂಡ ಬೊಟ್ಟನ್ನೆಲ್ಲಾ ಒತ್ತಿ ಒತ್ತಿ ಬಿಟ್ಟೆ. ಮೋಟಾರು ನಿಲ್ಲಲಿಲ್ಲ, ನನ್ನ ಬೆರಳು ಮಾತ್ರ ಕೆಂಪಾಯಿತು. ಆ ಬೆರಳು ತಾಗಿದಲ್ಲೆಲ್ಲಾ ಹೊಸ ಬೊಟ್ಟುಗಳು ಹುಟ್ಟಿಕೊಂಡವು! ಟವೆಲ್ ತೆಗೆದು ಒರೆಸಲು ಕೈ ಎತ್ತಿದೆ.

"ಅಯ್ಯಯ್ಯೋ, ಕುಂಕುಮ ಅಳಿಸ್ಬೇಡಿ!" ಪಂಕಜಾಕ್ಷಿ ಚೀರಿದಳು. "ಮದ್ವೆ ಮಾತಾಡೋ ಹೊತ್ನಲ್ಲಿ, ಬೀಗರ ಮುಂದೆ, ಕುಂಕುಮ ಅಳಿಸ್ತಾರೇನ್ರೀ?"

ನನ್ನ ಕೈ ಗಾಳಿಯಲ್ಲೇ ನಿಂತಿತು. ಒರೆಸಿದರೆ ಅಪಶಕುನ, ಸಂಬಂಧ ಹೋಯಿತು. ಒರೆಸದಿದ್ದರೆ ಬೊಡ್ಡೆಗೆ ಢಿಕ್ಕಿ, ಬೀಗರೇ ಹೋದರು. ಪಾಪ, ವಿಮಲ! ಅವಳ ಬಾಳು ನನ್ನ ಟವೆಲ್ಲಿನ ತುದಿಯಲ್ಲಿ ನೇತಾಡುತ್ತಿತ್ತು. ನನಗೆ ನಿಜವಾಗಿಯೂ ಅಳು ಬಂತು.

ಮತ್ತೊಂದು ಸುತ್ತು. ಬಂಡೆಯ ಕಡೆ ಕಣ್ಣು ಹಾಯಿಸಿದೆ. ಹುಡುಗ ಹುಡುಗಿಯ ನಡುವಿದ್ದ ಟಿಫನ್ ಕ್ಯಾರಿಯರ್ ಪಕ್ಕಕ್ಕೆ ಸರಿದಿತ್ತು. ಮುಂದಿನ ಸುತ್ತಿಗೆ ನಡುವೆ ಜಾಗವೇ ಇರಲಿಲ್ಲ. ಇಬ್ಬರೂ ನಮಗೆ ಕೈ ಬೀಸಿದರು. ನಾವು ಆನಂದವಾಗಿ ಸುತ್ತುತ್ತಿದ್ದೇವೆಂದು ತಿಳಿದಿದ್ದರು! ನಿಂಬೆಹಣ್ಣು ಪಕ್ಕದಲ್ಲೇ ತೇಲಿ ಹೋಯಿತು. ಅದಕ್ಕೆ ಒಂದು ಗಾಯವೂ ಆಗಿರಲಿಲ್ಲ.

ಆಗ ಅಜ್ಜಿ ಎದ್ದೇಳದೆ, ಕೂತಲ್ಲೇ ಸರಿಯುತ್ತಾ ಮೋಟಾರಿನ ಹತ್ತಿರ ಬಂದರು. "ಅಳಿಸ್ಬಾರ್ದು, ಸರಿ. ಅಭಿಷೇಕ ಮಾಡ್ಬೋದಲ್ವಾ? ಪಂಕಜಾಕ್ಷಿ, ಆ ಪೂಜೆ ಚೊಂಬು ಕೊಡವ್ವ."

ಅಜ್ಜಿ ಚೊಂಬಿನಲ್ಲಿ ನೀರು ಮೊಗೆದು ಮೋಟಾರಿನ ನೆತ್ತಿಗೆ ಹೊಯ್ದರು. "ಓಂ ನಮಃ ಶಿವಾಯ" ಎಂದು ಕಲ್ಲೇಶಪ್ಪನವರು ಕಣ್ಣು ಮುಚ್ಚಿದರು. ಅವರದು ಭಕ್ತಿಯೋ ಭಯವೋ ನನಗೆ ತಿಳಿಯದು. ಇನ್ನೊಂದು ಚೊಂಬು, ಮತ್ತೊಂದು ಚೊಂಬು. ಬೊಟ್ಟುಗಳು ಒಂದೊಂದಾಗಿ ಕರಗಿ ಇಳಿದವು. ಎಲ್ಲಾ ಹೋಗಿ ಒಂದೇ ಒಂದು ಬೊಟ್ಟು ಉಳಿಯಿತು. ಅಜ್ಜಿ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು.

ಮೋಟಾರು ಗುರ್ ಎಂದು, ನಿಟ್ಟುಸಿರು ಬಿಟ್ಟು, ನಿಂತಿತು. ದೋಣಿ ಮೆಲ್ಲಗೆ ಹೋಗಿ ಬೊಡ್ಡೆಗೆ ಮೂತಿ ತಾಗಿಸಿತು. ದೋಣಿ ಮುಳುಗಲಿಲ್ಲ, ಮುಳುಗಿದ್ದು ನನ್ನ ಮಾನ.

ಅದು ಸಾಲದೆಂಬಂತೆ, ಸುತ್ತಿಕೊಂಡ ಹಗ್ಗ ಬಿಡಿಸಲು ಯಾರಾದರೂ ನೀರಿಗಿಳಿಯಬೇಕಿತ್ತು. ಯಾರು ಎಂದು ಒಬ್ಬರೂ ಕೇಳಲಿಲ್ಲ, ಎಲ್ಲರೂ ನನ್ನನ್ನೇ ನೋಡಿದರು. ಇಸ್ತ್ರಿ ಮಾಡಿದ ರೇಷ್ಮೆ ಪಂಚೆಯಲ್ಲೇ ಇಳಿದೆ. ಎದೆಯುದ್ದ ನೀರು. ಬೀರೂರಿನ ಪಂಪ್‌ಸೆಟ್ ಈರಭದ್ರಪ್ಪನವರು ದೋಣಿಯನ್ನು ನೂಕುತ್ತಾ ಬೊಡ್ಡೆಗೆ ಅಪ್ರದಕ್ಷಿಣೆ ಹಾಕಿದರು! ಬಂಡೆಯ ಮೇಲೆ ಜೋಡಿ ನಗು ಕೇಳಿಸಿತು. ತಲೆ ಎತ್ತಲಿಲ್ಲ.

ದಡದಲ್ಲಿ ಪುಳಿಯೋಗರೆ ಬಡಿಸುವ ಹೊತ್ತಿಗೆ ಅಜ್ಜಿ ಕೇಳಿದರು: "ಆ ಹಗ್ಗ ಇಲ್ದಿದ್ರೆ ನಾವು ಈಗ ನಡುನೀರಿನಾಗಿರ್ತಿದ್ವಿ. ಅದನ್ನ ಕಟ್ಟಿದ್ಯಾರು?"

ಮಾನದ ಒಂದು ತುಣುಕಾದರೂ ತೇಲಿ ಬಂದರೆ ಹಿಡಿಯೋಣವೆಂದು ನಾನು ಗಂಟಲು ಸರಿಮಾಡಿಕೊಂಡೆ. "ಮುನ್ನೆಚ್ಚರಿಕೆ ಅಜ್ಜಿ. ಮೆಷೀನು ಅಂದ್ಮೇಲೆ ನಾವು ಒಂದು..."

"ಇವ್ರು ಬಿಚ್ಚಿದ್ರು" ಎಂದಳು ಪಂಕಜಾಕ್ಷಿ, ನನ್ನ ಎಲೆಗೆ ಹಪ್ಪಳ ಹಾಕುತ್ತಾ. "ಇವ್ರು ಆ ಕಡೆ ತಿರುಗಿದ್ಮೇಲೆ ನಾನು ಹಗ್ಗ ಹೆಕ್ಕಿ ಮತ್ತೆ ಕಟ್ದೆ. ಇಷ್ಟು ವರ್ಷ ಸಂಸಾರ ಮಾಡಿಲ್ವಾ ಅಜ್ಜಿ?"

ಹಪ್ಪಳ ನನ್ನ ಬಾಯಲ್ಲಿ ಸದ್ದು ಮಾಡುವುದಕ್ಕೂ ನಾಚಿಕೊಂಡಿತು.

ಅಜ್ಜಿ ಪಂಕಜಾಕ್ಷಿಯನ್ನು ಒಮ್ಮೆ, ವಿಮಲಳನ್ನು ಒಮ್ಮೆ ನೋಡಿ, ಮಗನ ಕಡೆ ತಿರುಗಿದರು. "ಕಲ್ಲೇಶಾ, ಈ ಮನೆ ಹೆಣ್ಮಕ್ಳು ಗಂಟು ಹಾಕಿದ್ರೆ ಬಿಚ್ಚಾಕಿಲ್ಲ ಕಣೋ. ನಂಗೊಪ್ಪಿಗೆ. ಲಗ್ನ ಇಡ್ಸು." ಆಮೇಲೆ ನನ್ನ ಕಡೆ ನೋಡಿ, "ಈ ಯಜಮಾನ್ರು ಮಾತ್ರ ದಿಬ್ಬಣದ ಬಸ್ಸಿನ ತಂಟೆಗೆ ಬರ್ಬಾರ್ದು" ಎಂದರು.

ಮದುವೆ ಸಾಂಗವಾಗಿ ನಡೆಯಿತು. ಮುಹೂರ್ತಕ್ಕೆ ಸ್ವಲ್ಪ ಮುಂಚೆ ಕರೆಂಟು ಹೋಯಿತು. ಚಪ್ಪರದ ಹಿಂದೆ ಬಾಡಿಗೆ ಜನರೇಟರನ್ನು ಯಾರೋ ಜಗ್ಗುತ್ತಿದ್ದರು, ಅದು ಕೆಮ್ಮುತ್ತಿತ್ತು. ಎಂಥಾ ಕೆಮ್ಮು ಅದು! ನನಗೆ ಚೆನ್ನಾಗಿ ಗೊತ್ತಿರುವ ಕೆಮ್ಮು! ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಎದ್ದು ಎರಡು ಹೆಜ್ಜೆ ಇಟ್ಟೆ. ಹಿಂದಿನಿಂದ ಏನೋ ಜಗ್ಗಿತು.

ತಿರುಗಿ ನೋಡಿದೆ. ನನ್ನ ಶಲ್ಯದ ತುದಿ ಚಪ್ಪರದ ಕಂಬಕ್ಕೆ ಗಂಟು ಹಾಕಿತ್ತು.