ಕರೆಂಟಿಗೆ ಜಳಕ ಮಾಡಿಸಿದ್ದು

ದೇವರು ನನಗೆ ಎತ್ತರ ಕೊಡಲಿಲ್ಲ, ಕೊಟ್ಟ ಕೂದಲನ್ನೂ ಉಳಿಸಲಿಲ್ಲ. ಆದರೆ ಕಿವಿ ಕೊಟ್ಟ! ಕಿವಿಯ ವಿಷಯದಲ್ಲಿ ನಾನು ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಮುಂಬೈಯ ವಡಾಲದ ನಮ್ಮ ಬಿಲ್ಡಿಂಗಿನಲ್ಲಿ ಕುಳಿತುಕೊಂಡೇ, ದೂರದಲ್ಲಿ ಹಾದುಹೋಗುವ ಲೋಕಲ್ ರೈಲಿನ ಸದ್ದು ಕೇಳಿ, ಅದರಲ್ಲಿ ಗರ್ದಿ ಇದೆಯೋ ಇಲ್ಲವೋ ಹೇಳಬಲ್ಲೆ. ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ಯಾರೂ ಹೋಗಿ ನೋಡಿಲ್ಲ. ಅದು ಬೇರೆ ಮಾತು.

ಇಂಥ ಕಿವಿಗೆ ಒಪ್ಪುವ ಮ್ಯೂಸಿಕ್ ಸಿಸ್ಟಮ್ ಬೇಡವೇ? ತಂದೇಬಿಟ್ಟೆ. ಹಾಲ್‌ನ ಎರಡು ಮೂಲೆಗಳಲ್ಲಿ ನನ್ನ ಎದೆಯುದ್ದದ ಸ್ಪೀಕರ್‌ಗಳು, ನಡುವೆ ಆಂಪ್ಲಿಫೈಯರ್, ಪಕ್ಕದಲ್ಲಿ ರೆಕಾರ್ಡ್ ಪ್ಲೇಯರ್. ಇವುಗಳ ಪ್ರತಿಷ್ಠಾಪನೆಗಾಗಿ ಊಟದ ಟೇಬಲ್ ಬಾಲ್ಕನಿಗೆ ವರ್ಗವಾಯಿತು.

"ಮಳಿಗಾಲದಾಗ ಕೊಡಿ ಹಿಡ್ಕೊಂಡು ಉಣ್ಣೂಣೇನ್ರೀ?" ಎಂದಳು ಹೆಂಡತಿ ಶೈಲಾ.

ಕಲೆಗಾಗಿ ಒಂದಿಷ್ಟು ತೊಯ್ದರೆ ತಪ್ಪೇನು?

ಈ ಸಿಸ್ಟಮ್ ಅನ್ನು ಬಿಲ್ಡಿಂಗಿನವರೆಲ್ಲ ಕೇಳಿಯಾಗಿತ್ತು, ಬೇಡವೆಂದವರೂ ಕೇಳಿದ್ದರು. ಮೆಚ್ಚಬೇಕಾದವರು ಒಬ್ಬರೇ ಉಳಿದಿದ್ದರು, ನನ್ನ ಮಾವ. ಅವರು ಧಾರವಾಡದಲ್ಲಿ ಹಿಂದುಸ್ತಾನಿ ಗಾಯನ ಕಲಿಸುತ್ತಿದ್ದ ಮಾಸ್ತರರು. ಹೆಣ್ಣು ನೋಡಲು ಹೋದ ದಿನ ನಾನು ಸಂಗೀತದಲ್ಲಿ ಬಹಳ ಆಸಕ್ತಿಯಿದೆ ಎಂದು ಬಾಯಿ ಬಿಟ್ಟೆ. ಒಳಗೆ ಶಿಷ್ಯರು ಹಾಡುತ್ತಿದ್ದರು. ಅದು ಯಾವ ರಾಗವೆಂದು ಮಾವ ಕೇಳಿದರು.

"ತ್ರಿತಾಲ" ಎಂದೆ.

ಮಗಳನ್ನು ಕೊಟ್ಟರು. ಆದರೆ ಅಂದಿನಿಂದ ನನ್ನ ಜೊತೆ ಮಳೆ, ಬಿಸಿಲು, ಮೊಣಕಾಲು ನೋವು ಬಿಟ್ಟರೆ ಬೇರೆ ವಿಷಯ ಮಾತಾಡಿಲ್ಲ. ಅಂಥ ಮಾವ ಈ ಸಲ ನಮ್ಮ ಮನೆಗೆ ಬರುವವರಿದ್ದರು. ನನ್ನ ಕಿವಿಯ ಯೋಗ್ಯತೆಯನ್ನು ಸಾಬೀತು ಮಾಡುವ ಕಾಲ ಕೂಡಿಬಂದಿತ್ತು!

ಸಿದ್ಧತೆಗೆಂದು ಸಾಂತಾಕ್ರೂಜ್‌ನ ಆಡಿಯೋ ಅಂಗಡಿಗೆ ಹೋದೆ. ಅಂಗಡಿಯಾತ ನನ್ನ ಸಿಸ್ಟಮ್‌ನ ವರ್ಣನೆ ಕೇಳಿ ಕಣ್ಣು ಮುಚ್ಚಿದ. ತೆರೆದಾಗ ಅದರಲ್ಲಿ ಕರುಣೆ ಇತ್ತು.

"ಸಿಸ್ಟಮ್ ಏಕ್‌ದಮ್ ರಾಜಾ ಹೈ ಸಾಬ್. ಲೇಕಿನ್ ರಾಜಾ ಕೋ ಖಿಲಾ ಕ್ಯಾ ರಹೇ ಹೋ? ಗಂದೀ ಬಿಜಲಿ!"

ರಾಜನಿಗೆ ನಾನು ತಿನ್ನಿಸುತ್ತಿದ್ದುದು ಹೊಲಸು ಕರೆಂಟು! ಆಮೇಲೆ ಅವನು ವಿವರಿಸಿದ. ಬಿಲ್ಡಿಂಗಿನ ಲಿಫ್ಟು, ಪಂಪು, ಪ್ರತಿ ಮನೆಯ ಫ್ರಿಜ್ಜು, ಮಿಕ್ಸರು ಎಲ್ಲವೂ ಅದೇ ಕರೆಂಟಿಗೆ ಬಾಯಿ ಹಾಕುತ್ತವೆ. ಅವೆಲ್ಲ ಎಂಜಲು ಮಾಡಿ ಬಿಟ್ಟ ಕರೆಂಟು ನನ್ನ ಆಂಪ್ಲಿಫೈಯರಿಗೆ! ನನ್ನ ಸ್ವಾಭಿಮಾನಕ್ಕೆ ಪೆಟ್ಟು ಬಿತ್ತು. ಮಣಿಕಟ್ಟಿನಷ್ಟು ದಪ್ಪದ ಒಂದು ಪವರ್ ಕೇಬಲ್ ಕೊಂಡು ಮನೆಗೆ ಬಂದೆ.

"ಅಯ್ಯ, ಹೆಬ್ಬಾವು ಹಿಡ್ಕೊಂಡು ಬಂದೀರಲ್ರೀ!" ಎಂದಳು ಶೈಲಾ.

"ಇದು ಕರೆಂಟ್ ಸ್ವಚ್ಛ ಮಾಡ್ತೈತಿ."

"ರಸ್ತೇದಾಗಿನ ವಾಯರ್ ಹಳೇದು, ಗ್ವಾಡ್ಯಾಗಿಂದೂ ಹಳೇದು. ಕಡೀಗೆ ಒಂದು ಮಾರು ಹೊಸಾ ವಾಯರ್ ಹಾಕಿದ್ರ ಕರೆಂಟಿನ ಜಳಕಾ ಆಗಿಬಿಡ್ತೈತೇನು?"

"ನೀರು ಎಲ್ಲಿಂದರ ಬರಲಿ, ಫಿಲ್ಟರ್ ಅಡಗೀಮನ್ಯಾಗ ಹಚ್ಚೂದಿಲ್ಲೇನು?" ಎಂದೆ. ಈ ಉತ್ತರದ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ.

ಕೇಬಲ್ ಹಾಕಿ ಕೇಳಿದೆ. ವ್ಯತ್ಯಾಸವಾಯಿತೇ? ಆಯಿತು! ಅಷ್ಟು ದುಡ್ಡು ಕೊಟ್ಟ ಮೇಲೆ ಆಗದೆ ಇರಲು ಅದಕ್ಕೆ ಧೈರ್ಯವಿತ್ತೇ? ಖಚಿತಪಡಿಸಿಕೊಳ್ಳಲು ಕೆಳಗಿನ ಮನೆಯ ಶೆಟ್ಟರನ್ನು ಕರೆದೆ. ಉಡುಪಿ ಕಡೆಯವರು, ಬೈಕುಲ್ಲಾದಲ್ಲಿ ಹೋಟೆಲ್ ನಡೆಸುತ್ತಾರೆ. ಹಳೆಯ ವೈರಿನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಕೇಳಿಸಿದೆ.

"ಎರಡೂ ಒಂದೇ ಹಾಗೆ ಉಂಟಲ್ಲ ಮಾರಾಯ್ರೆ?"

"ಕಿವಿ ಪಳಗಬೇಕು ಶೆಟ್ರೆ."

"ನನ್ನದು ಗ್ರೈಂಡರಿನ ಬದಿಯಲ್ಲಿ ಪಳಗಿದ್ದು. ಅದರ ಕಲ್ಲು ಸವೆದದ್ದು ಬೇಕಾದ್ರೆ ಹೇಳ್ತೇನೆ" ಎಂದು ಚಹಾ ಕುಡಿದು ಹೋದರು.

ಪಾಪ, ಅವರಿಗೆ ತಿಳಿಯಬೇಕಾದರೆ ವ್ಯತ್ಯಾಸ ಇನ್ನೂ ದೊಡ್ಡದಾಗಿರಬೇಕು ಎಂದುಕೊಂಡು ಮತ್ತೆ ಅಂಗಡಿಗೆ ಹೋದೆ. ಈ ಸಲ ಆತ ಒಂದು ಟ್ರಾನ್ಸ್‌ಫಾರ್ಮರ್ ತೋರಿಸಿದ. ಹೊರಗಿನ ಕರೆಂಟು ಇದರ ಒಂದು ಕಡೆಯಿಂದ ಒಳಗೆ ಹೋಗಿ, ಎಂಜಲನ್ನೆಲ್ಲ ಅಲ್ಲೇ ಬಿಟ್ಟು, ಶುಚಿಯಾಗಿ ಇನ್ನೊಂದು ಕಡೆಯಿಂದ ಬರುತ್ತದಂತೆ. ಭಾರ ಮಾತ್ರ ತುಂಬಿದ ಗ್ಯಾಸ್ ಸಿಲಿಂಡರಿನಷ್ಟು. ಅದನ್ನು ತಂದ ಹಮಾಲರು ಹಾಲ್‌ನಲ್ಲಿ ಇಳಿಸಿದಾಗ ಕೆಳಗಿನಿಂದ ಶೆಟ್ಟರು, "ಎಂತ ಬಿತ್ತು?" ಎಂದು ಕೂಗಿದರು.

ಜೋಡಿಸಿ ಸ್ವಿಚ್ ಹಾಕಿದೆ. ಸ್ಪೀಕರ್‌ಗಳು ಮೌನವಾಗಿದ್ದವು. ಆದರೆ ಟ್ರಾನ್ಸ್‌ಫಾರ್ಮರೇ "ಗುಂಯ್ಯ್..." ಎನ್ನತೊಡಗಿತು. ಮೆತ್ತಗೆ ಅಲ್ಲ! ನೆಲ, ಸೋಫಾ, ನನ್ನ ಕನ್ನಡಕ ಎಲ್ಲ ಗುಂಯ್!

ಅಂಗಡಿಯಾತನಿಗೆ ಫೋನ್ ಮಾಡಿದೆ. "ಅರ್ಥಿಂಗ್ ಠೀಕ್ ನಹೀಂ ಹೋಗಾ ಸಾಬ್" ಎಂದ.

ಸರಿಯಿಲ್ಲವೆಂದದ್ದು ಸರಿಯೇ! ಇಡೀ ಬಿಲ್ಡಿಂಗಿಗೆ ಒಂದೇ ಅರ್ಥಿಂಗ್. ಅದೂ ಎಂಜಲು! ಭೂಮಿತಾಯಿಯ ಜೊತೆ ನನ್ನ ಆಂಪ್ಲಿಫೈಯರಿಗೆ ನೇರ ಸಂಬಂಧವಿರಬೇಕು ಎಂದು ತೀರ್ಮಾನಿಸಿದೆ. ಮಾವ ಬರುವ ದಿನ ಬೆಳಿಗ್ಗೆ, ತಾಮ್ರದ ಉದ್ದನೆಯ ಸರಳು ಮತ್ತು ಸುತ್ತಿಗೆ ಹಿಡಿದು ಬಿಲ್ಡಿಂಗಿನ ತೋಟಕ್ಕೆ ಇಳಿದೆ. ದಾಸವಾಳದ ಪಕ್ಕ ಹದವಾದ ಜಾಗ ಸಿಕ್ಕಿತು. ಹೊಡೆದೆ. ಸರಳು ಸಲೀಸಾಗಿ ಇಳಿಯಿತು. ಎಂಥ ಕೈಗುಣ ನನ್ನದು ಎಂದುಕೊಳ್ಳುತ್ತ ಇನ್ನೊಂದು ಏಟು ಹಾಕಿದೆ.

ಭೂಮಿತಾಯಿ ನೇರವಾಗಿ ಉತ್ತರ ಕೊಟ್ಟಳು. ಮುಖಕ್ಕೇ!

ನೀರಿನ ಕಾರಂಜಿ ಮೊದಲ ಮಹಡಿಯ ಕಿಟಕಿ ಮುಟ್ಟಿತು. ಸರಳು ಬಿಲ್ಡಿಂಗಿನ ನೀರಿನ ಪೈಪಿನೊಳಗೆ ಹೊಕ್ಕಿತ್ತು. ಸೊಸೈಟಿಯ ಸೆಕ್ರೆಟರಿ ಸಾವಂತರು ಮೈಗೆಲ್ಲ ಸಾಬೂನು ಹಚ್ಚಿಕೊಂಡು, ಟವೆಲ್ ಸುತ್ತಿಕೊಂಡು ಓಡಿಬಂದು, ಇದೇನು ಮಾಡಿದಿರೆಂದು ಮರಾಠಿಯಲ್ಲಿ ಕೂಗಿದರು.

"ಅಹೋ, ಹೇ ಕಾಯ್ ಕೇಲಂತ ತುಮ್ಹೀ?"

"ಅರ್ಥಿಂಗ್" ಎಂದೆ.

"ಅರ್ಥಿಂಗ್ ಮೆಂ ಪಾನೀ ಆತಾ ಹೈ ಕ್ಯಾ?"

ಸರಿಯಾಗಿ ಆಗಲೇ ಗೇಟಿನಲ್ಲಿ ಟ್ಯಾಕ್ಸಿ ನಿಂತಿತು. ಮಾವ ಇಳಿದರು. ತಲೆಯಿಂದ ಕಾಲಿನವರೆಗೆ ನೀರು ಸುರಿಸುತ್ತ, ಕೈಯಲ್ಲಿ ಸುತ್ತಿಗೆ ಹಿಡಿದು ನಿಂತ ಅಳಿಯನನ್ನು ನೋಡಿದರು. ಸಂಪ್ರದಾಯ ಮುರಿಯಲಿಲ್ಲ.

"ಈ ಕಡೆ ಮಳಿ ಛಲೋ ಆಗೇತಿ" ಎಂದರು.

ವಾಲ್ವ್ ಮುಚ್ಚಿದ್ದಾಯಿತು, ಪ್ಲಂಬರ್‌ಗೆ ಹೇಳಿ ಕಳಿಸಿದ್ದಾಯಿತು. ಅವನು ಬರುವವರೆಗೆ ಇಡೀ ಬಿಲ್ಡಿಂಗಿಗೆ ನೀರಿಲ್ಲ. ಕರೆಂಟಿಗೆ ಜಳಕ ಮಾಡಿಸಲು ಹೋಗಿ ಊರವರ ಜಳಕ ತಪ್ಪಿಸಿದ್ದೆ! ಒಣಗಿದ ಸಾಬೂನಿನ ಮೇಲೆ ಅಂಗಿ ತೊಟ್ಟ ಸಾವಂತರು ಜಗಳಕ್ಕೆಂದೇ ನಮ್ಮ ಮನೆಗೆ ಬಂದರು. ಅವರ ಹಿಂದೆ ಖಾಲಿ ಬಕೆಟ್ ಹಿಡಿದು ಶೆಟ್ಟರು. ಮಾವನ ಎದುರು ಬೈಸಿಕೊಳ್ಳುವುದು ಹೇಗೆ? "ಬನ್ನಿ, ಬನ್ನಿ! ನಿಮ್ಮನ್ನೇ ಕರೆಯಬೇಕೆಂದಿದ್ದೆ" ಎಂದು ಇಬ್ಬರನ್ನೂ ಸೋಫಾದ ಮೇಲೆ ಕೂರಿಸಿಬಿಟ್ಟೆ. ಶೈಲಾ ಇದ್ದ ನೀರಿನಲ್ಲಿ ಚಹಾಕ್ಕೆ ಇಟ್ಟಳು.

ಮಾವನಿಗೆ ಪ್ರಿಯವಾದ ಹಳೆಯ ಖಯಾಲ್‌ನ ರೆಕಾರ್ಡ್ ತೆಗೆದೆ. ಸ್ವಿಚ್ ಹಾಕಿದೆ. ಗುಂಯ್ಯ್...

"ಶುದ್ಧ ಕರೆಂಟಿನ ಲಕ್ಷಣ ಅಂದ್ರ ನಿಶ್ಶಬ್ದ" ಎಂದು ಗುಂಯ್‌ಗಿಂತ ಎತ್ತರದ ದನಿಯಲ್ಲಿ ಭಾಷಣ ಮಾಡಿದೆ. "ಹಾಡಿನ ಹಿಂದಿನ ಆ ನಿಶ್ಶಬ್ದ ಕೇಳ್ರಿ!"

ಹಾಡು ಶುರುವಾಯಿತು. ಸಾವಂತರು ತುರಿಸಿಕೊಳ್ಳುತ್ತಿದ್ದರು. ಮಾವ ಕಣ್ಣು ಮುಚ್ಚಿದರು. ನಿಧಾನಕ್ಕೆ ಅವರ ತಲೆ ಆಡತೊಡಗಿತು. ಅಡುಗೆಮನೆಯ ಬಾಗಿಲಲ್ಲಿದ್ದ ಶೈಲಾಳಿಗೆ ಕಣ್ಸನ್ನೆ ಮಾಡಿದೆ, ನೋಡಿದೆಯಾ? ನನ್ನ ಎದೆ ಆ ಸ್ಪೀಕರ್‌ಗಳಿಗಿಂತ ಅಗಲವಾಗಿತ್ತು!

ರೆಕಾರ್ಡಿನ ಒಂದು ಬದಿ ಮುಗಿಯಿತು. ಮಾವನ ತಲೆ ಮಾತ್ರ ನಿಲ್ಲಲಿಲ್ಲ. ನಾನು ಮಗ್ಗುಲು ತಿರುವಿ ಹಾಕಲು ಎದ್ದೆ. ಮಾವ ಕೈ ಎತ್ತಿ ತಡೆದರು.

"ಹಾಡು ಸಾಕ್ರಿ. ಅದರ ಗದ್ದಲದಾಗ ತಂಬೂರಿ ಕೇಳವಲ್ದು."

"ಮಾವಾರ, ಅದು ತಂಬೂರಿ ಅಲ್ರಿ. ಟ್ರಾನ್ಸ್‌ಫಾರ್ಮರ್."

"ಹೆಸರು ಏನರ ಇರವಲ್ದ್ಯಾಕ. ಪಂಚಮ ಎಷ್ಟು ತುಂಬಿ ಬಂದೈತಿ! ಒಂದು ಎಳಿ ಅಲಗಾಡವಲ್ದು."

ಹೇಳಿ, ಆ ಗುಂಯ್‌ಗೆ ಹೊಂದಿಸಿ, "ಸಾ..." ಎಂದು ದನಿ ಹಚ್ಚಿದರು. ಶೈಲಾಳ ಕೈಯಲ್ಲಿದ್ದ ಚಹಾದ ಕಪ್ಪುಗಳು ಅಲ್ಲೇ ನಿಂತವು. ಮಾವನ ಬೆರಳುಗಳು ಸೆಟೆದು, ತಂಬೂರಿ ಶ್ರುತಿ ಮಾಡಲಾಗದೆ ಹಾಡು ಬಿಟ್ಟು ಬಹಳ ಕಾಲವಾಗಿತ್ತು. ತಂಬೂರಿಯ ಸದ್ದು ಮಾಡುವ ಎಲೆಕ್ಟ್ರಾನಿಕ್ ಯಂತ್ರ ತಂದುಕೊಟ್ಟರೆ, "ಡಬ್ಬಿ ಮುಂದ ಕುಂತು ಹಾಡೂದಿಲ್ಲ" ಎಂದು ಹಟ ಹಿಡಿದಿದ್ದರು. ಈಗ ಎಲ್ಲಕ್ಕಿಂತ ದೊಡ್ಡ ಡಬ್ಬಿಯ ಮುಂದೆ ಕುಳಿತು ಬೆಳಗಿನ ರಾಗ ಎತ್ತಿಕೊಂಡರು. ಮೊದಲು ದನಿ ನಡುಗಿತು, ಆಮೇಲೆ ನಿಂತಿತು, ಆಮೇಲೆ ಹರಿಯಿತು. ಶೈಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾವಂತರು ತುರಿಸಿಕೊಳ್ಳುವುದನ್ನೇ ಮರೆತರು.

"ಇದು ಈಗ ಗೊತ್ತಾಯ್ತು ನೋಡಿ ವ್ಯತ್ಯಾಸ!" ಎಂದು ಶೆಟ್ಟರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಪ್ಲಂಬರ್ ಬಂದು ಬೆಲ್ ಒತ್ತಿದರೂ ಯಾರೂ ಏಳಲಿಲ್ಲ.

ಮಾವ ಊರಿಗೆ ಮರಳುವುದನ್ನು ಮುಂದಕ್ಕೆ ಹಾಕಿದರು. ದಿನಾ ಬೆಳಿಗ್ಗೆ ಟ್ರಾನ್ಸ್‌ಫಾರ್ಮರ್ ಮುಂದೆ ಅವರ ರಿಯಾಜು. ಆಗ ಆಂಪ್ಲಿಫೈಯರ್ ಬಂದ್, ಸ್ಪೀಕರ್ ಬಂದ್, ನನ್ನ ಬಾಯಿಯೂ ಬಂದ್. ನನಗೆ ಬೇಸರವೇ? ಖಂಡಿತ ಇಲ್ಲ! ಹಾಡು ಬಿಟ್ಟ ಗಾಯಕರನ್ನು ಮತ್ತೆ ಹಾಡಿಸಿದ ಅಳಿಯ ಮುಂಬೈಯಲ್ಲಿ ಎಷ್ಟು ಜನ ಇದ್ದಾರೆ?

ಮಾವನ ಹಳೆಯ ಗೆಳೆಯರೊಬ್ಬರು ಡೊಂಬಿವಲಿಯಲ್ಲಿದ್ದಾರೆ, ತಬಲಾ ನುಡಿಸುವವರು. ಸುದ್ದಿ ಕೇಳಿ ನೋಡಲು ಬಂದರು. ಮಾವ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಇವರು ನಮ್ಮ ಅಳಿಯಂದ್ರು. ನಾ ದಿನಾ ಹಾಡಾಕ ಕುಂತ್ರ ಇವರ ಸಾಥ್ ಇರಬೇಕು."

ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ.

"ಭಾಳ ಸಂತೋಷ! ಏನು ನುಡಸ್ತೀರಿ?" ಎಂದು ಅವರು ನನ್ನನ್ನೇ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಾವ ಅಭಿಮಾನದಿಂದ ಉತ್ತರಿಸಿದರು:

"ಸ್ವಿಚ್!"