ಡಿಶ್ ನೆಟ್ಟಗೇ ಇತ್ತು

ಸದಾ ಆತಂಕಪಡುವವರಿಂದ ತಪ್ಪುಗಳಾಗುವುದಿಲ್ಲ ಎಂದು ಯಾರಾದರೂ ನಂಬಿದ್ದರೆ ಅವರು ನನ್ನನ್ನು ನೋಡಿಲ್ಲ. ನನ್ನ ಆತಂಕವೆಲ್ಲ ಎಂದೂ ಆಗದ ಸಂಗತಿಗಳಿಗೆ ಮೀಸಲು. ನಿಜವಾಗಿ ಕೆಡುವಂಥದ್ದು ಎದುರಿಗೆ ಬಂದಾಗ ನನಗೆ ಎಲ್ಲಿಲ್ಲದ ಧೈರ್ಯ. ಸರ್ವಜ್ಞನಗರದ ನಮ್ಮ ಮನೆಗೆ ಬೀಗ ಹಾಕಿ, ನಾಲ್ಕು ಸಲ ಎಳೆದು ನೋಡಿ, ಬೀದಿ ಕೊನೆಯ ಬೇಕರಿಯ ತನಕ ಹೋಗಿ, ಮತ್ತೆ ಬಂದು ಎಳೆಯುವವನು ನಾನು. "ರೀ, ಇನ್ನೊಂದ್ಸಲ ಎಳೆದ್ರೆ ಬಾಗಿಲೇ ಕೈಗೆ ಬರುತ್ತೆ" ಎಂದು ಹೆಂಡತಿ ಎಚ್ಚರಿಸಿದ್ದಾಳೆ. ಇಂಥವನು ಆವತ್ತು ಒಂದು ನಂಬರನ್ನು ಎರಡನೇ ಸಲ ನೋಡಲಿಲ್ಲ.

ನನ್ನ ಕೆಲಸವನ್ನು ಹೆಂಡತಿಗೆ ವಿವರಿಸಿದ್ದು ಹೀಗೆ: ತಾರಸಿಗಳ ಮೇಲಿನ ಟವರುಗಳಲ್ಲಿ ದುಂಡನೆಯ ಡಿಶ್‌ಗಳಿರುತ್ತವಲ್ಲ, ಅವು ದೂರದಿಂದಲೇ ಮುಖಾಮುಖಿ ನಿಂತು ಮೈಕ್ರೋವೇವ್ ರೇಡಿಯೋದಲ್ಲಿ ಮಾತಾಡಿಕೊಳ್ಳುತ್ತವೆ. ಅದೊಂದು ಗಾಳಿಯ ರಸ್ತೆ ಎಂದುಕೊ. ಅದರಲ್ಲಿ ಒಬ್ಬೊಬ್ಬ ಗಿರಾಕಿಯ ಮಾಹಿತಿಯೂ ಒಂದೊಂದು ಬಸ್ಸು. ಪ್ರತಿ ಬಸ್ಸಿಗೂ ಒಂದು ನಂಬರು. ಅದನ್ನು ವಿಲ್ಯಾನ್ ಎನ್ನುತ್ತೇವೆ. ದಾರಿಯ ಪ್ರತಿ ನಿಲ್ದಾಣದಲ್ಲೂ ಆ ನಂಬರನ್ನು ತುಂಬಿರಬೇಕು. ಒಂದು ಕಡೆ ತಪ್ಪಿದರೂ ಬಸ್ಸು ಅಲ್ಲೇ ಮಾಯ. "ಅಂದ್ರೆ ನೀವು ಬೋರ್ಡ್ ಬರೆಯೋರು" ಎಂದಳು. ಇಪ್ಪತ್ತು ವರ್ಷದ ಅನುಭವ ಅಷ್ಟರಲ್ಲಿ ಮುಗಿಯಿತು.

ನಾನು ಆಫೀಸಿನ ಕುರ್ಚಿಯಲ್ಲಿ ಕೂತು ನಂಬರು ತುಂಬಿದರೆ, ಟವರು ಹತ್ತಿ ಡಿಶ್ ಕಟ್ಟುವವರು ಶಿವಾಜಿನಗರದ ಅನ್ವರ್ ಭಾಯ್. ನನಗಿಂತ ಐದಾರು ವರ್ಷ ದೊಡ್ಡವರು. ಸಿಗ್ನಲ್ ಅಳೆಯುವ ಮೀಟರು ನೋಡುವ ಮೊದಲೇ ಡಿಶ್ಶಿನ ಅಂಚು ಹಿಡಿದು "ಇಲ್ಲೇ ಸಾರ್" ಎನ್ನುತ್ತಿದ್ದರು. ಆಮೇಲೆ ಮೀಟರು ಹೌದೆನ್ನುತ್ತಿತ್ತು.

ಕಳೆದ ವರ್ಷ ಹಲಸೂರಿನಿಂದ ವಿಮಾನಪುರದ ಮೇಲೆ ಕೆ.ಆರ್. ಪುರಕ್ಕೆ ಹೊಸ ದಾರಿ ಮಾಡಿದೆವು. ಕೆ.ಆರ್. ಪುರದ ತುದಿಯಲ್ಲಿ ಅನ್ವರ್ ಭಾಯ್ ಡಿಶ್ ಕಟ್ಟಿ ಇಳಿದರು. ಸಿಗ್ನಲ್ ಬಂತು, ಮಾಹಿತಿ ಬರಲಿಲ್ಲ. ಇಂಥ ಹೊತ್ತಿನಲ್ಲಿ ಆಫೀಸಿನವರು "ನಮ್ ಕಡೆಯಿಂದ ಎಲ್ಲಾ ಸರಿ ಇದೆ" ಎನ್ನುವುದು ನಮ್ಮಲ್ಲಿ ಪದ್ಧತಿ. ಹಾಗೆನ್ನುವ ಮೊದಲು ನೋಡಿಕೊಳ್ಳುವ ಪದ್ಧತಿ ಇಲ್ಲ.

"ಡಿಶ್ ಸ್ವಲ್ಪ ತಿರುಗಿರ್ಬೇಕು, ನೋಡಿ ಅನ್ವರ್ ಭಾಯ್" ಎಂದೆ ಫೋನಿನಲ್ಲಿ.

"ನೆಟ್ಟಗಿದೆ ಸಾರ್."

"ಒಂದ್ಸಲ ಹತ್ತಿ ನೋಡ್ಬಿಡಿ."

ಹತ್ತಿದರು, ನೋಡಿದರು, ಇಳಿದರು. ಮಾಹಿತಿ ಬರಲಿಲ್ಲ. ನನ್ನ ಕುರ್ಚಿಯ ಹಿಂದೆ ಮ್ಯಾನೇಜರು ಬಂದು ನಿಂತರು. ಮತ್ತೆ ಹತ್ತಿ ಎಂದೆ. "ಮಂಡಿ ನೋಯ್ತದೆ ಸಾರ್, ಆದ್ರೂ ಹೋಗ್ತೀನಿ" ಎಂದರು. ಅವರು ಅರ್ಧ ಏಣಿಯಲ್ಲಿದ್ದಾಗ ನನ್ನ ಕಣ್ಣಿಗೆ ಬಿತ್ತು: ವಿಮಾನಪುರದಲ್ಲಿ 261 ಇರಬೇಕಾದ ಕಡೆ ನಾನು 216 ಹೊಡೆದಿದ್ದೆ. ಸದ್ದಿಲ್ಲದೆ ತಿದ್ದಿದೆ. ಸ್ವಲ್ಪ ಹೊತ್ತಿಗೆ ಟವರಿನ ಮೇಲಿಂದ ಫೋನು: "ಒಂದು ಕೂದಲಷ್ಟು ಎಡಕ್ಕೆ ತಿರುಗಿಸ್ದೆ ಸಾರ್. ಬಂತಾ?"

"ಬಂತು. ಅದೇ ತೊಂದ್ರೆ ಇದ್ದದ್ದು" ಎಂದೆ. ವರದಿಯಲ್ಲಿ ಕಾರಣ ಎಂಬ ಕಡೆ 'ಡಿಶ್ ದಿಕ್ಕು ತಪ್ಪಿತ್ತು' ಎಂದು ಬರೆದೆ. ಮ್ಯಾನೇಜರು ನನ್ನ ಬೆನ್ನು ತಟ್ಟಿದರು.

ಆಮೇಲೆ ಅನ್ವರ್ ಭಾಯ್ ಪ್ರತಿ ಡಿಶ್ ಕಟ್ಟಿದಾಗಲೂ ಫೋನು ಮಾಡತೊಡಗಿದರು. ಸರಿ ಇದೆಯಾ ಸಾರ್, ಇನ್ನೊಂದ್ಸಲ ಹತ್ಲಾ ಸಾರ್. ಅಷ್ಟು ಕಾಲ ಪಳಗಿದ ಆ ಕೈಗೆ ನನ್ನ ಕಾಯಿಲೆ ಅಂಟಿತ್ತು. ಕೊನೆಗೆ ತಾವೇ ಕೇಳಿಕೊಂಡು ಗೋಡೌನಿನ ಕೆಲಸಕ್ಕೆ ಹೋದರಂತೆ. "ಕೈಯ ಹದ ಹೋಯ್ತು ಅಂತಾರೆ" ಎಂದು ಯಾರೋ ಹೇಳಿದರು. ನಾನು ಎಂಟು ತಿಂಗಳು ಬೀಗ ಎಳೆದುಕೊಂಡೇ ಇದ್ದೆ.

ಹೋದ ವಾರ ಅರ್ಧ ಕೆಜಿ ಖಾರಾ ಬಿಸ್ಕತ್ತು ಕಟ್ಟಿಸಿಕೊಂಡು ಹಲಸೂರಿನ ಗೋಡೌನಿಗೆ ಹೋದೆ. ಅವರು ಕೇಬಲ್ ಸುರುಳಿಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದರು. ಮನೆಯಲ್ಲಿ ತಿದ್ದಿ ತೀಡಿದ ಪೀಠಿಕೆಯೆಲ್ಲ ಮರೆತು ಹೋಗಿ, "ಆವತ್ತು ಡಿಶ್ ನೆಟ್ಟಗೇ ಇತ್ತು ಅನ್ವರ್ ಭಾಯ್. ನಂಬರು ನಾನು ತಪ್ಪು ಹಾಕಿದ್ದೆ" ಎಂದುಬಿಟ್ಟೆ.

ಅವರು ಬಿಸ್ಕತ್ತಿನ ಪೊಟ್ಟಣವನ್ನು ಪಕ್ಕಕ್ಕಿಟ್ಟರು. "ನಿಮ್ಗೆ ಯಾವಾಗ ಗೊತ್ತಾಯ್ತು?"

"ನೀವು ಮೂರನೇ ಸಲ ಹತ್ತುವಾಗ."

"ಇಳೀರಿ ಅನ್ಬೋದಿತ್ತಲ್ಲ ಸಾರ್."

ವರದಿ ತಿದ್ದಿಸುತ್ತೇನೆ, ಮ್ಯಾನೇಜರಿಗೆ ನಾನೇ ಹೇಳುತ್ತೇನೆ ಎಂದು ತೊದಲಿದೆ. ಅವರ ಮನಸ್ಸು ಬೇರೆಲ್ಲೋ ಇತ್ತು. "ಹಂಗಾದ್ರೆ ನೆಟ್ಟಗಿದ್ದ ಡಿಶ್ಶನ್ನ ನಾನು ತಿರುಗಿಸಿ ಬಂದಿದೀನಿ" ಎಂದರು. "ಎಂಟು ತಿಂಗ್ಳಿಂದ ಅದು ವಾರೆ ನಿಂತಿದೆ. ಗಾಡಿ ತಂದಿದೀರಾ?"

ಹಾಗಾಗಿ ವರದಿ ತಿದ್ದಿಸಿದ ಮರುದಿನ, ನನ್ನ ಸ್ಕೂಟರಿನ ಹಿಂದೆ ಕೂತು ಕೆ.ಆರ್. ಪುರಕ್ಕೆ ಬಂದ ಅನ್ವರ್ ಭಾಯ್, ನನ್ನ ತಪ್ಪಿನಿಂದಾಗಿ ಆ ಟವರನ್ನು ನಾಲ್ಕನೇ ಸಲ ಹತ್ತಿದರು. ಮಂಡಿಯ ಕಾರಣಕ್ಕೆ ಒಂದೊಂದೇ ಮೆಟ್ಟಿಲು. ಮೇಲೆ ಡಿಶ್ಶಿನ ಅಂಚು ಹಿಡಿದು, ಮೀಟರು ತೆಗೆಯದೆ, "ಇಲ್ಲೇ" ಎಂದರು. ನನ್ನ ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ ಏರಿತು.

"ಇಳೀರಿ ಅನ್ವರ್ ಭಾಯ್" ಎಂದು ಕೂಗಿದೆ.

"ನಿಲ್ಲಿ ಸಾರ್, ಬಹಳ ದಿನ ಆಯ್ತು ಇಲ್ಲಿಗೆ ಬಂದು" ಎನ್ನುತ್ತ ಅವರು ರೈಲು ನಿಲ್ದಾಣದ ಕಡೆ ಮುಖ ಮಾಡಿ ಆರಾಮಾಗಿ ಕೂತರು. ಬಿಸಿಲು ನೆತ್ತಿ ಸುಡುತ್ತಿತ್ತು, ಮೇಲೆ ನೋಡಿ ನೋಡಿ ನನ್ನ ಕುತ್ತಿಗೆ ಹಿಡಿದುಕೊಂಡಿತು, ಆಫೀಸಿನಿಂದ ಎರಡು ಸಲ ಫೋನು ಬಂತು. ಬೇಗ ಬನ್ನಿ ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ.